ದಂತವೈದ್ಯರಾಗಬಯಸುವ ಬಡ ವಿದ್ಯಾರ್ಥಿಗೆ ಕಾಲೇಜಿನ ಆಯ್ಕೆ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಸಾಮಾನ್ಯ ರೈತ ಕುಟುಂಬಗಳಿಂದ ಬಂದು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ವ್ಯಾಸಂಗ ಮಾಡುವ ಮಕ್ಕಳಲ್ಲಿ ದಂತವೈದ್ಯರಾಗುವ ಹಂಬಲವುಳ್ಳವರು ಅಪರೂಪವಲ್ಲ. ಅಮೆರಿಕೆಯಲ್ಲಿ ಸಾಮಾನ್ಯವಾಗಿ ಮೊದಲು ಒಂದು ಪದವಿಯನ್ನು ಪೂರೈಸಿ, ಅನಂತರ ಈ ಶಿಕ್ಷಣಕ್ಕೆ ಸೇರುವ ಪದ್ಧತಿಯಿದೆ. ಯೋಚಿಸಲು ಅವರಿಗೆ ಬಿಡುವುಂಟು. ನಮ್ಮಲ್ಲಿಯಾದರೋ 17-18ರ ಪ್ರಾಯದಲ್ಲಿಯೇ, ಕೆಲವು ದಿನಗಳ ಅವಧಿಯೊಳಗೆ, ಐದು ವರ್ಷಗಳ ಬಿ.ಡಿ.ಎಸ್. ವ್ಯಾಸಂಗದ ಕಾಲೇಜನ್ನು ಆರಿಸಬೇಕಾಗುತ್ತದೆ. ಈ ಆಯ್ಕೆಯಲ್ಲಿ ಎಡವಿದರೆ ಸಾಲದ ಹೊರೆ ಇಡೀ ಮನೆಯ ಮೇಲೆ ಬೀಳುತ್ತದೆ.

ಪ್ರವೇಶಕ್ಕೆ ನೀಟ್ ಪರೀಕ್ಷೆಯೊಂದೇ ದಾರಿ. 720 ಅಂಕಗಳ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಅಲ್ಲಿ ಪಡೆದ ಅಂಕಗಳ ಆಧಾರದ ಮೇಲೆ ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಆಡಳಿತ ಮಂಡಳಿಯ ಕೋಟಾ ಎಂದು ಶುಲ್ಕವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಡ ವಿದ್ಯಾರ್ಥಿಯು ಮೊದಲ ಎರಡು ಮೆಟ್ಟಿಲುಗಳಲ್ಲಿಯೇ ನಿಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತೋಟವನ್ನು ಅಡವಿಟ್ಟು ಆಡಳಿತ ಮಂಡಳಿಯ ಸೀಟನ್ನು ಕೊಳ್ಳುವುದು ಸಲ್ಲದು. ಪದವಿ ಪಡೆದ ಮೇಲೆಯೂ ಚಿಕಿತ್ಸಾಲಯ ತೆರೆಯಲು ಕುರ್ಚಿ, ಕ್ಷಕಿರಣ ಯಂತ್ರ ಮೊದಲಾದವುಗಳಿಗೆ ಮತ್ತೆ ಬಂಡವಾಳ ಬೇಕಾಗುತ್ತದೆ. ಆರಂಭದ ವರ್ಷಗಳ ಸಂಪಾದನೆಯೂ ಅಲ್ಪವೇ.

ಇಲ್ಲಿ ಒಂದು ಸಂಗತಿಯನ್ನು ಪಾಲಕರು ಗಮನಿಸಬೇಕು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಕಾಲೇಜುಗಳಿಗೆಲ್ಲ ಪಠ್ಯಕ್ರಮವೊಂದೇ, ಪದವಿಯೂ ಒಂದೇ. 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಪದವಿಗೂ ನುಣುಪಾದ ಗಾಜಿನ ಕಟ್ಟಡವುಳ್ಳ ಕಾಲೇಜಿನ ಪದವಿಗೂ ಕಾನೂನಿನಲ್ಲಿ ಭೇದವಿಲ್ಲ. ಭೇದವಿರುವುದು ರೋಗಿಗಳ ಸಂಖ್ಯೆಯಲ್ಲಿ. ದಂತವೈದ್ಯವು ಬುದ್ಧಿಯಷ್ಟೇ ಕೈಯ ವಿದ್ಯೆ. ಮೂರು ಮತ್ತು ನಾಲ್ಕನೆಯ ವರ್ಷಗಳಲ್ಲಿ ಹಲ್ಲು ಕೀಳುವುದು, ತುಂಬುವುದು, ದಂತಪಂಕ್ತಿ ಕಟ್ಟುವುದು ಇವೆಲ್ಲ ರೋಗಿಗಳ ಮೇಲೆಯೇ ಅಭ್ಯಾಸವಾಗಬೇಕು. ಆದುದರಿಂದ ಕಾಲೇಜನ್ನು ನೋಡಲು ಹೋದವರು ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕುಳಿತು ಬರುವುದು ಒಳಿತು. ಬೆಂಗಳೂರು ಮತ್ತು ಬಳ್ಳಾರಿಯ ಸರ್ಕಾರಿ ಕಾಲೇಜುಗಳನ್ನು ಪಟ್ಟಿಯ ತಲೆಯಲ್ಲಿ ಬರೆಯುವುದು ಸರಿ.

ಅನಂತರ ಬರುವುದು ದೂರದ ಲೆಕ್ಕ. ಅಜ್ಜಂಪುರದವರಿಗೆ ದಾವಣಗೆರೆಯ ಕಡೆಗೆ, ತರೀಕೆರೆಯವರಿಗೆ ಶಿವಮೊಗ್ಗಕ್ಕೆ, ಕಡೂರಿನವರಿಗೆ ಬೆಂಗಳೂರಿಗೆ ರೈಲು ಮಾರ್ಗವಿದೆ. ದಾವಣಗೆರೆಯಲ್ಲಿ 1979ರಲ್ಲಿ ಆರಂಭವಾದ ಬಾಪೂಜಿ ದಂತ ಕಾಲೇಜೂ ಶಿವಮೊಗ್ಗದಲ್ಲಿ ಶರಾವತಿ ದಂತ ಕಾಲೇಜೂ ಇವೆ. ಇಂತಹ ಕಡೆ ಸರ್ಕಾರಿ ಕೋಟಾದ ಸೀಟು ದೊರೆತು, ಯಾವುದಾದರೊಂದು ಮಠದ ಅಥವಾ ಸರ್ಕಾರದ ವಿದ್ಯಾರ್ಥಿನಿಲಯದಲ್ಲಿ ಊಟ ವಸತಿ ಒದಗಿದರೆ, ಐದು ವರ್ಷದ ಖರ್ಚಿನ ದೊಡ್ಡ ಭಾಗವೇ ಕಡಿಮೆಯಾದಂತೆ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರ ಗ್ರಾಮೀಣ ಮೀಸಲಾತಿಯೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರ ಮೀಸಲಾತಿಯೂ ಉಂಟು. ಶಾಲೆಯ ದಾಖಲೆಯಲ್ಲಿ ಮಾಧ್ಯಮವಾಗಲಿ ಹೆಸರಿನ ಅಕ್ಷರವಾಗಲಿ ತಪ್ಪಿದ್ದರೆ ಆ ಸೌಲಭ್ಯ ಕೈತಪ್ಪುವ ಸಂಭವವಿದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳನ್ನೂ ಪರೀಕ್ಷೆಗೆ ಮೊದಲೇ ಮಾಡಿಸಿಡಬೇಕು. ವಿದ್ಯಾರ್ಥಿವೇತನಕ್ಕೂ ದೇವರಾಜ ಅರಸು ನಿಗಮದ ‘ಅರಿವು’ ಸಾಲಕ್ಕೂ ಇವೇ ಆಧಾರ.

ದಾನಿಗಳು ಪ್ರವೇಶದ ಸಂದರ್ಭದಲ್ಲಿ ಶಾಲು ಹೊದಿಸಿ ನೆರವಿನ ಹಣ ನೀಡುವುದು ರೂಢಿ, ಅದು ಸಂತೋಷವೇ. ಆದರೆ ಶುಲ್ಕದ ಪಟ್ಟಿಯಲ್ಲಿ ಕಾಣಿಸದ ಖರ್ಚು ಬರುವುದು ಎರಡನೆಯ ವರ್ಷದಲ್ಲಿ. ಮೇಣ, ಗಾರೆ, ಕೃತಕ ದವಡೆ, ಕೊರೆಯುವ ಯಂತ್ರದ ಹಿಡಿ, ಇಕ್ಕಳಗಳು ಎಂದು ವಿದ್ಯಾರ್ಥಿಯೇ ಕೊಳ್ಳಬೇಕಾದ ಸಾಮಗ್ರಿಗಳು ಹಲವು. ನೆರವಿನ ಅರ್ಧವನ್ನು ಆ ವರ್ಷಕ್ಕೆ ಕಾದಿರಿಸುವುದು ಲೇಸು. ದಂತವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲೇಜು ದಿನಗಳ ಉಪಕರಣಗಳ ಪೆಟ್ಟಿಗೆಯನ್ನು ಶಾಲೆಯ ಕಚೇರಿಗೆ ತಲುಪಿಸಿದರೂ ಸಾಕು, ಅದನ್ನು ಹಿಡಿದು ಪ್ರಯೋಗಶಾಲೆಗೆ ಹೋಗುವ ಮಕ್ಕಳು ಇಲ್ಲಿಯೇ ಇದ್ದಾರೆ.