ಹಳೆಯ ನೈಟ್ರೋ ಲಾರಿಯನ್ನು ಕೊಳ್ಳುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರದ ಸದ್ದನ್ನು ಕೇಳದವರು ಈಗ ವಿರಳ. ಹೆಗಲಿಗೆ ತೂಗುಹಾಕಿಕೊಳ್ಳುವ ಆ ಯಂತ್ರಗಳಲ್ಲಿ ಅನೇಕವು ಎರಡು ಹೊಡೆತದ ಎಂಜಿನ್ನಿನಿಂದ ನಡೆಯುವುವು. ಅದೇ ಕುಲದ, ಆದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಎಂಜಿನ್ನನ್ನು ಹೊತ್ತು, ರೇಡಿಯೋ ಅಲೆಗಳ ಆಜ್ಞೆಯಂತೆ ಓಡುವ ಆಟದ ಲಾರಿಯೊಂದುಂಟು. ಅದೇ ನೈಟ್ರೋ ಲಾರಿ. ಇಂದು ಇಂಥ ವಾಹನಗಳಲ್ಲಿ ಬಹುಪಾಲು ಬ್ಯಾಟರಿಯಿಂದ ಓಡುವುದರಿಂದ, ನೈಟ್ರೋ ಲಾರಿಗಳು ಹಲವು ವೇಳೆ ಒಬ್ಬರು ಬಳಸಿದ ಮೇಲೆ ಇನ್ನೊಬ್ಬರ ಕೈಗೆ ಬರುತ್ತವೆ. ಕೂಡಿಟ್ಟ ಹಣವನ್ನು ತೆತ್ತು ಅಂಥದೊಂದನ್ನು ಕೊಳ್ಳಹೊರಟ ವಿದ್ಯಾರ್ಥಿಯು ಮೊದಲು ಏನನ್ನು ಪರೀಕ್ಷಿಸಬೇಕು? ಮೇಲಿನ ಬಣ್ಣವನ್ನಲ್ಲ, ಎಂಜಿನ್ನಿನ ಬಿಗಿತವನ್ನು.

ಕಳೆಯಂತ್ರದಲ್ಲಿ ವಿದ್ಯುತ್ ಕಿಡಿಯಿಂದ ಪೆಟ್ರೋಲಿಗೆ ಉರಿ ಹತ್ತುತ್ತದೆ. ನೈಟ್ರೋ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಇದರ ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಗಳ ಮಿಶ್ರಣ. ನೈಟ್ರೋಮೀಥೇನಿನ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 30. ಸಿಲಿಂಡರಿನ ತಲೆಯಲ್ಲಿ ಪ್ಲಾಟಿನಂ ಸೇರಿದ ಸಣ್ಣ ತಂತಿಸುರುಳಿಯುಳ್ಳ ಗ್ಲೋ ಪ್ಲಗ್ ಇರುತ್ತದೆ. ಎಂಜಿನ್ ಹೊರಡಿಸುವಾಗ ಮಾತ್ರ ಅದನ್ನು ಬ್ಯಾಟರಿಯಿಂದ ಕಾಯಿಸಬೇಕು. ಅನಂತರ ಪ್ಲಾಟಿನಂ ಮೆಥನಾಲಿನ ದಹನಕ್ಕೆ ಪ್ರಚೋದಕವಾಗಿ, ಅನಿಲವನ್ನು ಅದುಮಿದಾಗ ಹುಟ್ಟುವ ಶಾಖವೂ ಕೂಡಿ, ಸುರುಳಿ ತಾನಾಗಿಯೇ ಕೆಂಪಗೆ ಉಳಿಯುತ್ತದೆ. ಅದುಮುವ ಶಕ್ತಿ ಕುಂದಿತೆಂದರೆ ಎಂಜಿನ್ ಹೊರಡುವುದೂ ಕಷ್ಟ, ನಿಲ್ಲದೆ ಓಡುವುದೂ ಕಷ್ಟ.

ಈ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಪಿಸ್ಟನ್ ಬಳೆಗಳಿಲ್ಲ. ಅಲ್ಯೂಮಿನಿಯಂ ಪಿಸ್ಟನ್, ಕ್ರೋಮಿಯಂ ಲೇಪದ ಹಿತ್ತಾಳೆಯ ತೋಳಿನೊಳಗೆ ಆಡುತ್ತದೆ. ತೋಳು ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುವುದು. ಓಡುವಾಗ ಮೇಲ್ಭಾಗವು ಹೆಚ್ಚು ಕಾಯ್ದು ಹಿಗ್ಗುವುದರಿಂದ ಆಗ ಎರಡಕ್ಕೂ ಸರಿಯಾದ ಹೊಂದಿಕೆ. ಆದುದರಿಂದ ಎಂಜಿನ್ ತಣ್ಣಗಿರುವಾಗಲೇ, ಪ್ಲಗ್ಗನ್ನು ತೆಗೆಯದೆ, ಕೆಳಗಿನ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿರಿ. ಪಿಸ್ಟನ್ ತುತ್ತತುದಿಗೆ ಬಂದಾಗ ಗಟ್ಟಿಯಾದ ತಡೆ ತೋರಿದರೆ ಒಳ್ಳೆಯದು. ಸುತ್ತು ಪೂರ್ತಿ ಸಲೀಸಾಗಿ ಉರುಳಿದರೆ ಎಂಜಿನ್ ಸವೆದಿದೆ. ಸುತ್ತಿನುದ್ದಕ್ಕೂ ಕರಕರ ಎಂದರೆ ಅದು ಬಿಗಿತವಲ್ಲ, ತುಕ್ಕು. ಮಾರುವವನು ಮೊದಲೇ ಓಡಿಸಿ ಕಾಯಿಸಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ. ಬಿಸಿ ಎಂಜಿನ್ ಸತ್ಯವನ್ನು ಹೇಳದು.

ತುಕ್ಕಿನ ಮಾತು ನಮ್ಮ ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆಟ ಮುಗಿದ ಮೇಲೆ ಉಳಿದ ಇಂಧನವನ್ನು ಸುಟ್ಟು ತೀರಿಸಿ ರಕ್ಷಕ ಎಣ್ಣೆಯನ್ನು ಬಿಡದಿದ್ದರೆ, ಒಂದು ಮಳೆಗಾಲವೇ ಬೇರಿಂಗುಗಳನ್ನು ಕೆಡಿಸಲು ಸಾಕು. ಬೇಸಗೆಯಲ್ಲಿ ಶತ್ರು ಕೆಂಪು ಧೂಳು. ಗಾಳಿಶೋಧಕವನ್ನು ಬಿಚ್ಚಿ ಕಾರ್ಬುರೇಟರಿನ ಬಾಯಿಯನ್ನು ಇಣುಕಿ ನೋಡಿರಿ. ಅಲ್ಲಿ ಧೂಳಿದ್ದರೆ ಒಳಗೆ ಪಿಸ್ಟನ್ ಉಜ್ಜಿಹೋಗಿದೆಯೆಂದೇ ತಿಳಿಯಬಹುದು.

ಇನ್ನು ಮೈಕಟ್ಟು. ಒಂದು ಹಿಂಗಾಲಿಯನ್ನು ತಿರುಗಿಸಿದರೆ ಜೊತೆಯದು ವಿರುದ್ಧ ದಿಕ್ಕಿಗೆ ನುಣ್ಣಗೆ ತಿರುಗಬೇಕು. ಹಲ್ಲು ಜಾರುವ ಸದ್ದಾದರೆ ಡಿಫರೆನ್ಷಿಯಲ್ ಕೆಟ್ಟಿದೆ. ಅಡಿಪಟ್ಟಿ ಬಾಗಿದೆಯೋ, ಚಕ್ರದ ತೋಳುಗಳು ಬಿರುಕುಬಿಟ್ಟಿವೆಯೋ ನೋಡಿರಿ. ತೋಳು ಮುರಿದರೆ ಬದಲಿಸಬಹುದು, ಆದರೆ ಬಿಡಿಭಾಗ ದೊರೆತರೆ ಮಾತ್ರ. ಆದುದರಿಂದ ಹೆಸರಿಲ್ಲದ ಮಾದರಿಗಿಂತ, ಟ್ರಾಕ್ಸಾಸ್ ಸಂಸ್ಥೆ 1999ರಲ್ಲಿ ಹೊರತಂದ ಟಿ-ಮ್ಯಾಕ್ಸಿನಂತೆ ಬಹುಸಂಖ್ಯೆಯಲ್ಲಿ ಮಾರಾಟವಾದ ಮಾದರಿ ಲೇಸು. ಗ್ರಾಹಕಯಂತ್ರಕ್ಕೆ ಅಲೆ ತಪ್ಪಿದೊಡನೆ ವೇಗವನ್ನು ತಗ್ಗಿಸಿ ಬ್ರೇಕು ಹಾಕುವ ಏರ್ಪಾಡು ಇದೆಯೇ ಎಂದೂ ಕೇಳಿರಿ. ಹಳೆಯ 27 ಮೆಗಾಹರ್ಟ್ಸ್ ರೇಡಿಯೋಗಳಲ್ಲಿ ಹಲವಕ್ಕೆ ಅದಿಲ್ಲ. ಹಿಡಿತ ತಪ್ಪಿದ ಲಾರಿ ಕಾಲು ಮುರಿಯಬಲ್ಲುದು.

ಕೊಂಡ ಮೇಲೂ ಎಚ್ಚರ ಬೇಕು. ಶಿರಸಿಯು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ನೂರಕ್ಕೆ ಐದಾರು ಪಾಲು ತೆಳು. ಇಲ್ಲಿ ಇಂಧನದ ಸೂಜಿಯನ್ನು ಹದಗೊಳಿಸಿದ ಲಾರಿಯನ್ನು ಘಟ್ಟವಿಳಿದು ಕುಮಟೆಯ ಮರಳಿನಲ್ಲಿ ಹಾಗೆಯೇ ಓಡಿಸಿದರೆ, ಗಾಳಿ ಹೆಚ್ಚಿ ಇಂಧನದ ಪಾಲು ಕಡಿಮೆ ಬೀಳುತ್ತದೆ. ಎಣ್ಣೆ ಇರುವುದು ಇಂಧನದಲ್ಲಿಯೇ ಆದ್ದರಿಂದ ಎಣ್ಣೆಯೂ ಕೊರತೆಯಾಗಿ ಎಂಜಿನ್ ಕಾಯ್ದು ಹಾಳಾಗಬಹುದು. ಅಲ್ಲಿ ಸೂಜಿಯನ್ನು ತುಸು ಸಡಿಲಿಸುವುದು ಕ್ಷೇಮ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಮೆಥನಾಲ್ ಕುಡಿದರೆ ಕಣ್ಣು ಹೋಗುವ, ಪ್ರಾಣವನ್ನೇ ತೆಗೆಯುವ ವಿಷ. ಚರ್ಮದ ಮೂಲಕವೂ ಅದು ಮೈಗೆ ಸೇರಬಲ್ಲುದು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಎಂಜಿನ್ನಿನ ತಲೆಯೋ 100 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಬೇಸಗೆಯಲ್ಲಿ ತರಗೆಲೆ ಹಾಸಿದ ಸೊಪ್ಪಿನ ಬೆಟ್ಟದಲ್ಲಿ ಇದನ್ನು ಓಡಿಸುವುದೆಂದರೆ ಕಾಡಿಗೆ ಕಿಚ್ಚನ್ನು ಆಹ್ವಾನಿಸಿದಂತೆ. ಕೊಯ್ಲಾದ ಗದ್ದೆಯಲ್ಲಿ ಹುಲ್ಲು ತೆಗೆದ ಬಯಲು ಇದಕ್ಕೆ ತಕ್ಕ ಸ್ಥಳ. ಇಂಧನ ತುಂಬುವಾಗ ಎಂಜಿನ್ನನ್ನು ನಿಲ್ಲಿಸಿರಿ. ಮರಳಿನ ಬಕೆಟ್ಟು ಕೈಗೆ ಎಟುಕುವಂತಿರಲಿ, ಹಿರಿಯರೊಬ್ಬರು ಜೊತೆಗಿರಲಿ.

ಬಣ್ಣ ಮಾಸಿದ, ಆದರೆ ತುದಿಯಲ್ಲಿ ಬಿಗಿಯಾಗಿ ತಡೆಯುವ ಎಂಜಿನ್ನು ಹಲವು ಬೇಸಗೆಗಳ ಒಡನಾಡಿಯಾಗಬಲ್ಲುದು. ಹೊಳೆಯುವ, ಆದರೆ ಸಡಿಲವಾದ ಎಂಜಿನ್ನು ಕೊಂಡವನ ಕೈಯಲ್ಲಿ ಬರಿಯ ಭಾರ.