ಹೆಣ್ಣುಮಕ್ಕಳ ಫುಟ್‌ಬಾಲ್ ಮತ್ತು ನಮ್ಮ ಖಾತೆ ಪುಸ್ತಕ

ಕ್ರೀಡೆಗೆ ನೀಡುವ ಹಣವನ್ನು ‘ದಾನ’ದ ಲೆಕ್ಕಕ್ಕೆ ಬರೆದು ಮರೆತುಬಿಡುವುದು ನಮ್ಮ ವರ್ತಕರಲ್ಲಿ ಬೆಳೆದು ಬಂದಿರುವ ರೂಢಿ. ಗಣೇಶೋತ್ಸವದ ರಸೀದಿ, ಕ್ರಿಕೆಟ್ ಪಂದ್ಯಾವಳಿಯ ರಸೀದಿ ಎರಡೂ ಒಂದೇ ಕಡತದಲ್ಲಿರುತ್ತವೆ. ಹೆಣ್ಣುಮಕ್ಕಳ ಫುಟ್‌ಬಾಲ್‌ನ ರಸೀದಿ ಮಾತ್ರ ಆ ಕಡತದಲ್ಲಿ ಕಾಣುವುದು ಅಪರೂಪ. ಈ ಆಟದ ಜಾಗತಿಕ ಬೆಳವಣಿಗೆಯನ್ನೂ, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಉದ್ದಿಮೆದಾರರು ಇದರಲ್ಲಿ ವಹಿಸಬಹುದಾದ ಪಾತ್ರವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಶ್ವಕಪ್ ಕಲಿಸಿದ ಪಾಠ

17 ವರ್ಷದೊಳಗಿನ ಬಾಲಕಿಯರ ಫಿಫಾ ವಿಶ್ವಕಪ್ ಮೊದಲ ಬಾರಿಗೆ ನಡೆದದ್ದು 2008ರಲ್ಲಿ, ನ್ಯೂಜಿಲೆಂಡ್‌ನಲ್ಲಿ. ಭಾರತಕ್ಕೆ ಅದರ ಆತಿಥ್ಯ ದೊರೆತದ್ದು 2022ರ ಅಕ್ಟೋಬರ್ 11ರಿಂದ 30ರವರೆಗೆ. ಭುವನೇಶ್ವರ, ಮಡಗಾಂವ್ ಮತ್ತು ನವಿ ಮುಂಬಯಿಗಳಲ್ಲಿ 16 ತಂಡಗಳು 32 ಪಂದ್ಯಗಳನ್ನಾಡಿದವು. ಅಂತಿಮ ಪಂದ್ಯದಲ್ಲಿ ಸ್ಪೇನ್ ತಂಡವು ಕೊಲಂಬಿಯಾವನ್ನು 1–0ರಿಂದ ಸೋಲಿಸಿತು. ಆತಿಥೇಯ ಭಾರತವು ಅಮೆರಿಕದ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5ರಿಂದ ಸೋತಿತು. ಮೂರು ಪಂದ್ಯಗಳಲ್ಲಿ 16 ಗೋಲು ಬಿಟ್ಟುಕೊಟ್ಟು ಒಂದನ್ನೂ ಗಳಿಸಲಿಲ್ಲ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಇದು ಅಂಗಡಿಯ ಮುಂಭಾಗವನ್ನು ಅಲಂಕರಿಸಿ ಗೋದಾಮನ್ನು ಖಾಲಿ ಬಿಟ್ಟ ಸ್ಥಿತಿ. ಕ್ರೀಡಾಂಗಣಗಳು ಸಿದ್ಧವಾದವು, ಆದರೆ ಹತ್ತನೆಯ ವಯಸ್ಸಿನಿಂದಲೇ ವರ್ಷಪೂರ್ತಿ ಪಂದ್ಯಗಳನ್ನಾಡಿ ಬೆಳೆದ ಬಾಲಕಿಯರ ಸಂಖ್ಯೆ ನಮ್ಮಲ್ಲಿ ತೀರಾ ಕಡಿಮೆಯಿತ್ತು. ಒಂದು ತಿಂಗಳ ಶಿಬಿರದಿಂದ ಈ ಕೊರತೆ ನೀಗುವುದಿಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲ. 2025ರ ಅಕ್ಟೋಬರ್‌ನಲ್ಲಿ ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನವನ್ನು 2–1ರಿಂದ ಮಣಿಸಿದ ನಮ್ಮ 17 ವರ್ಷದೊಳಗಿನ ಬಾಲಕಿಯರು 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು. ಇದು ಆತಿಥ್ಯದ ಬಲದಿಂದಲ್ಲ, ಆಟದ ಬಲದಿಂದ ಸಿಕ್ಕ ಸ್ಥಾನ. ವಿಶ್ವಕಪ್ ಸಹ 2025ರಿಂದ ಪ್ರತಿವರ್ಷ 24 ತಂಡಗಳೊಂದಿಗೆ ನಡೆಯುವಂತಾಗಿದ್ದು, ಅವಕಾಶಗಳ ಬಾಗಿಲು ಅಗಲವಾಗಿದೆ. ನಮ್ಮ ರಾಜ್ಯದ ಮಟ್ಟಿಗೆ, ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ತಂಡವು 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಅಂತಿಮ ಪಂದ್ಯವನ್ನು ತಲುಪಿತ್ತು.

ಹಳ್ಳಿಯಿಂದಲೇ ಬಂದವರು

2022ರ ಭಾರತ ತಂಡದ ನಾಯಕಿ ಅಷ್ಟಮ್ ಓರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯ ಕೂಲಿಕಾರ ದಂಪತಿಯ ಮಗಳು. ಅದೇ ರಾಜ್ಯದಲ್ಲಿ ರಾಂಚಿಯ ಸಮೀಪ ‘ಯುವಾ’ ಎಂಬ ಸಂಸ್ಥೆ 2009ರಿಂದ ಗ್ರಾಮೀಣ ಬಾಲಕಿಯರಿಗೆ ಫುಟ್‌ಬಾಲ್ ಕಲಿಸುತ್ತಾ ಬಂದಿತು. ಅದರ ಬಾಲಕಿಯರು 2013ರಲ್ಲಿ ಸ್ಪೇನ್‌ಗೆ ತೆರಳಿ ಗಾಸ್ಟೈಜ್ ಕಪ್ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಪಡೆದರು. ಮೈದಾನದ ತರಬೇತಿಗಿಂತ ಪಾಸ್‌ಪೋರ್ಟಿಗೆ ಬೇಕಾದ ಜನನ ಪ್ರಮಾಣಪತ್ರ ಪಡೆಯುವುದೇ ಅವರಿಗೆ ಕಷ್ಟವಾಗಿತ್ತು ಎಂಬುದನ್ನು ಗಮನಿಸಬೇಕು. ವಯೋಮಿತಿಯ ಪಂದ್ಯಾವಳಿಗಳಲ್ಲಿ ದಾಖಲೆಯೇ ಮೊದಲ ಅರ್ಹತೆ. 2022ರ ವಿಶ್ವಕಪ್‌ಗೆ 2005ರ ಜನವರಿ 1ರಂದು ಅಥವಾ ನಂತರ ಜನಿಸಿದವರಷ್ಟೇ ಅರ್ಹರಾಗಿದ್ದರು.

ಇಂಥ ಸಂಸ್ಥೆಗಳ ಮುಖ್ಯ ಗಳಿಕೆ ಪದಕವಲ್ಲ. ಆಟಕ್ಕಾಗಿ ಶಾಲೆಯಲ್ಲಿ ಉಳಿಯುವ ಹುಡುಗಿಯ ಮದುವೆಯ ಮಾತು ಮುಂದೆ ಹೋಗುತ್ತದೆ. ಹತ್ತನೆಯ ತರಗತಿಯ ನಂತರವೂ ಓದು ಮುಂದುವರಿಯುತ್ತದೆ. ನಾಳೆ ನಮ್ಮ ಸಿದ್ಧ ಉಡುಪು ಘಟಕಕ್ಕೋ ಲೆಕ್ಕಪತ್ರ ವಿಭಾಗಕ್ಕೋ ಬರುವ ಯುವತಿ ಇವಳೇ ಅಲ್ಲವೇ?

ಒಂದು ಅಂದಾಜು

ಮೂರೂ ತಾಲ್ಲೂಕು ಕೇಂದ್ರಗಳು ಹಾಸನದಿಂದ ಸುಮಾರು 40 ಕಿ.ಮೀ. ಒಳಗಿವೆ. ಹೊಳೆನರಸೀಪುರ ಮೈಸೂರು ರೈಲುಮಾರ್ಗದಲ್ಲಿಯೂ, ಚನ್ನರಾಯಪಟ್ಟಣ ಬೆಂಗಳೂರು ಮಾರ್ಗದಲ್ಲಿಯೂ ಇವೆ. ಅರಕಲಗೂಡಿಗೆ ಬಸ್ಸೇ ಗತಿ. ನಾಲ್ಕು ತಂಡಗಳು ಪರಸ್ಪರರ ಊರಿಗೆ ಹೋಗಿ ಆಡಿದರೆ ವರ್ಷಕ್ಕೆ 12 ಪಂದ್ಯಗಳಾಗುತ್ತವೆ; ಯಾವ ತಂಡವೂ ಹೊರ ಊರಿನಲ್ಲಿ ರಾತ್ರಿ ತಂಗಬೇಕಾಗಿಲ್ಲ. ಹೆಣ್ಣುಮಕ್ಕಳ ಪೋಷಕರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

18 ಬಾಲಕಿಯರ ಒಂದು ತಂಡಕ್ಕೆ ಬೂಟು, ಜೆರ್ಸಿ ಇತ್ಯಾದಿಗೆ ತಲಾ ರೂ. 2,000ದಂತೆ ರೂ. 36,000, ಹತ್ತು ಚೆಂಡುಗಳಿಗೆ ರೂ. 8,000, ತರಬೇತುದಾರರ ಗೌರವಧನ ಹತ್ತು ತಿಂಗಳಿಗೆ ರೂ. 80,000, ಪ್ರಯಾಣ ಮತ್ತು ಉಪಾಹಾರಕ್ಕೆ ರೂ. 26,000 ಎಂದಿಟ್ಟುಕೊಳ್ಳೋಣ. ಒಟ್ಟು ರೂ. 1,50,000. ಹತ್ತು ಜನ ವರ್ತಕರು ಹಂಚಿಕೊಂಡರೆ ಒಬ್ಬರಿಗೆ ತಿಂಗಳಿಗೆ ರೂ. 1,250. ಇದು ಉದಾಹರಣೆಯ ಲೆಕ್ಕ ಮಾತ್ರ. ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಹಾಗೂ ರೂ. 2,500ರವರೆಗಿನ ಪಾದರಕ್ಷೆಗಳೂ ಶೇ. 5ರ ದರಕ್ಕೆ ಬಂದಿರುವುದು ಅನುಕೂಲಕರ.

ತೆರಿಗೆಯ ದೃಷ್ಟಿಯಿಂದ

1. ಜೆರ್ಸಿ ಅಥವಾ ಫಲಕದ ಮೇಲೆ ತಮ್ಮ ಸಂಸ್ಥೆಯ ಹೆಸರು ಹಾಕಿಸುವ ಕರಾರಿದ್ದರೆ ಅದನ್ನು ಜಾಹೀರಾತು ವೆಚ್ಚವಾಗಿ ತೋರಿಸಬಹುದು. ಕರಾರುಪತ್ರ, ಬಿಲ್ಲು, ಛಾಯಾಚಿತ್ರ ಮತ್ತು ಬ್ಯಾಂಕ್ ಪಾವತಿಯ ಪುರಾವೆಗಳನ್ನು ಕಾಯ್ದಿರಿಸಬೇಕು. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕೆ ಮೀರಿ ನಗದಾಗಿ ಕೊಟ್ಟರೆ ಆ ವೆಚ್ಚ ಅಮಾನ್ಯವಾಗುತ್ತದೆ.

2. ಪ್ರತಿಫಲವಿಲ್ಲದೆ ಕೊಟ್ಟದ್ದು ದೇಣಿಗೆ. 80ಜಿ ಮಾನ್ಯತೆಯುಳ್ಳ ಸಂಸ್ಥೆಗೆ ಕೊಟ್ಟಾಗ ಮಾತ್ರ ಕಡಿತ ದೊರೆಯುತ್ತಿತ್ತು, ರೂ. 2,000 ಮೀರಿದ ನಗದು ದೇಣಿಗೆಗೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಕಡಿತ ಲಭ್ಯವಿಲ್ಲ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ ಎಂಬುದನ್ನು ನೆನಪಿಡಬೇಕು.

3. ರಾಷ್ಟ್ರೀಯ ಕ್ರೀಡಾ ಒಕ್ಕೂಟ ಅಥವಾ ಅದರ ಅಂಗಸಂಸ್ಥೆಗಳು ನಡೆಸುವ, ಜಿಲ್ಲೆ ಅಥವಾ ರಾಜ್ಯವನ್ನು ಪ್ರತಿನಿಧಿಸುವ ತಂಡಗಳ ಪಂದ್ಯಾವಳಿಯ ಪ್ರಾಯೋಜಕತ್ವಕ್ಕೆ ಜಿಎಸ್‌ಟಿ ವಿನಾಯಿತಿಯಿದೆ. ಖಾಸಗಿ ಪಂದ್ಯಾವಳಿಯಾದರೆ, ಪ್ರಾಯೋಜಕರು ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯಾಗಿದ್ದಲ್ಲಿ ರಿವರ್ಸ್ ಚಾರ್ಜ್ ಅನ್ವಯವಾಗುತ್ತದೆಯೇ ಎಂದು ಮೊದಲೇ ಪರಿಶೀಲಿಸಬೇಕು.

4. ಉಚಿತವಾಗಿ ಉಡುಗೊರೆ ಕೊಟ್ಟ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ಸಿಗುವುದಿಲ್ಲ.

5. ಗ್ರಾಮೀಣ ಹಾಗೂ ಒಲಿಂಪಿಕ್ ಕ್ರೀಡೆಗಳ ತರಬೇತಿಯು ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿದೆ. ಆದ್ದರಿಂದ ನಿವ್ವಳ ಲಾಭ ರೂ. 5 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಇದಕ್ಕೆ ವಿನಿಯೋಗಿಸಬಹುದು.

ಮಾಡಬೇಕಾದದ್ದು

ಒಂದು ದಿನದ ಪಂದ್ಯಾವಳಿ, ಹಾರ-ತುರಾಯಿ, ದೊಡ್ಡ ಪಾರಿತೋಷಕಗಳಿಗಿಂತ ಮೂರು ವರ್ಷಗಳ ಕರಾರು ಮೇಲು. ಹುಡುಗಿ ಎಂಟನೆಯ ತರಗತಿಯಲ್ಲಿ ಆಟ ಆರಂಭಿಸಿದರೆ ಹತ್ತನೆಯ ತರಗತಿ ಮುಗಿಯುವವರೆಗೆ ತರಬೇತುದಾರರು ಬದಲಾಗಬಾರದು, ಮೈದಾನ ಕೈತಪ್ಪಬಾರದು. ಮಹಿಳಾ ತರಬೇತುದಾರರು, ಬಟ್ಟೆ ಬದಲಿಸಲು ಕೊಠಡಿ, ಶೌಚಾಲಯ ಇವು ಚೆಂಡಿನಷ್ಟೇ ಅಗತ್ಯ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ನೋಂದಣಿ ಮುಂತಾದ ಕಾಗದಪತ್ರಗಳಲ್ಲಿ ನಮ್ಮಂಥ ಲೆಕ್ಕಪರಿಶೋಧಕರು ಶುಲ್ಕವಿಲ್ಲದೆ ನೆರವಾಗಬಹುದು.

ಆಲೂಗಡ್ಡೆ, ತೆಂಗು, ತಂಬಾಕು, ಕಾಫಿಯ ಧಾರಣೆ ಏರಿಳಿದರೂ ಬಿತ್ತನೆಯನ್ನು ನಿಲ್ಲಿಸದವರು ನಾವು. ಈ ಬಿತ್ತನೆಯೂ ಹಾಗೆಯೇ ನಡೆಯಲಿ. ಮುಂಬರುವ ಆರ್ಥಿಕ ವರ್ಷದ ಜಾಹೀರಾತು ವೆಚ್ಚವನ್ನು ನಿಗದಿಪಡಿಸುವಾಗ ತಿಂಗಳಿಗೆ ರೂ. 1,250ನ್ನು ತಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ತಂಡಕ್ಕೆ ಮೀಸಲಿಡುವಂತೆ ಸದಸ್ಯ ಬಾಂಧವರಲ್ಲಿ ವಿನಂತಿ.