ಡಿಸ್ಕಿನ ಜಗಳ: ಯಾರ ಲೆಕ್ಕ ಸರಿ?

ದೊಡ್ಡ ಗಣಕ ಕೇಂದ್ರಗಳಲ್ಲಿ ಯಂತ್ರ, ಡಿಸ್ಕುಗಳ ಹೊಣೆ ಸಿಸ್ಟಮ್ ಮ್ಯಾನೇಜರ್‌ನದು. ಅವುಗಳಲ್ಲಿರುವ ಮಾಹಿತಿಯ ಹೊಣೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎಯದು. ಡಿಸ್ಕ್ ಹಂಚಿಕೆಯ ಮಾತು ಬಂದರೆ ಮಾತ್ರ ಇಬ್ಬರೂ ಎಣ್ಣೆ-ಸೀಗೇಕಾಯಿ! ಗಣಕ ವಿಜ್ಞಾನದ ವಿದ್ಯಾರ್ಥಿಗಳು ಈ ಜಗಳದ ಮೂಲ ತಿಳಿದಿರುವುದು ಒಳ್ಳೆಯದು.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 'ರೇಡ್' ವ್ಯವಸ್ಥೆಯನ್ನು ವಿವರಿಸಿದರು. ದುಬಾರಿಯ ಒಂದು ಡಿಸ್ಕಿನ ಬದಲು ಅಗ್ಗದ ಹಲವನ್ನು ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವುದು ಇದರ ಗುರಿ. ಇದರ ಎರಡು ವಿಧಗಳ ಸುತ್ತಲೇ ಹೆಚ್ಚಿನ ವಾದ.

ತಲಾ 100 ಗಿಗಾಬೈಟ್‌ನ 8 ಡಿಸ್ಕುಗಳಿವೆ ಎನ್ನೋಣ. 'ಮಿರರಿಂಗ್'ನಲ್ಲಿ ಎಲ್ಲವನ್ನೂ ಎರಡೆರಡು ಡಿಸ್ಕಿನಲ್ಲಿ ಬರೆಯಬೇಕು. ಬಳಕೆಗೆ ಸಿಗುವುದು 400 ಗಿಗಾಬೈಟ್. 'ರೇಡ್-5'ರಲ್ಲಿ ನಕಲಿನ ಬದಲು 'ಪ್ಯಾರಿಟಿ' ಎಂಬ ತಾಳೆ ಲೆಕ್ಕ ಇಡುವುದರಿಂದ 700 ಗಿಗಾಬೈಟ್ ಸಿಗುತ್ತದೆ. ಖರ್ಚಿಗೆ ಉತ್ತರ ಹೇಳಬೇಕಾದ ಮ್ಯಾನೇಜರ್‌ಗೆ ಇದೇ ಇಷ್ಟ.

ಡಿಬಿಎ ಲೆಕ್ಕ ಬೇರೆ. ರೇಡ್-5ರಲ್ಲಿ ಒಂದು ಸಣ್ಣ ತಿದ್ದುಪಡಿಗೂ ಹಳೆಯ ಮಾಹಿತಿ ಮತ್ತು ಹಳೆಯ ಪ್ಯಾರಿಟಿ ಓದಿ, ಹೊಸದೆರಡನ್ನೂ ಬರೆಯಬೇಕು: ಒಟ್ಟು 4 ಕೆಲಸ. ಮಿರರಿಂಗ್‌ಗೆ ಎರಡೇ ಸಾಕು. ತಿರುಗುವ ಡಿಸ್ಕೊಂದು ಸೆಕೆಂಡಿಗೆ ಸುಮಾರು 100 ಕೆಲಸ ಮಾಡಿದರೆ, 8 ಡಿಸ್ಕುಗಳಿಂದ ರೇಡ್-5ರಲ್ಲಿ 200 ತಿದ್ದುಪಡಿ, ಮಿರರಿಂಗ್‌ನಲ್ಲಿ 400. ಜಮಾ-ಖರ್ಚು ನಿಲ್ಲದೆ ನಡೆಯುವ ಬ್ಯಾಂಕಿನಲ್ಲಿ ಈ ವ್ಯತ್ಯಾಸ ಗ್ರಾಹಕರ ಸರದಿಯನ್ನೇ ಉದ್ದವಾಗಿಸೀತು. ಅಲ್ಲದೆ, ರೇಡ್-5ರಲ್ಲಿ ಕೆಟ್ಟ ಡಿಸ್ಕನ್ನು ಮರುನಿರ್ಮಿಸಲು ಉಳಿದ ಏಳನ್ನೂ ಓದಬೇಕು. ಅಷ್ಟರಲ್ಲಿ ಇನ್ನೊಂದು ಕೆಟ್ಟರೆ ಬ್ಯಾಕಪ್ ಪ್ರತಿಯೇ ಗತಿ. 2003ರಲ್ಲಿ ಕೆಲವು ಡೇಟಾಬೇಸ್ ಪರಿಣತರು ರೇಡ್-5ರ ವಿರುದ್ಧ 'ಬಾರ್ಫ್' ಎಂಬ ಚಳವಳಿಯನ್ನೇ ಹೂಡಿದ್ದರು.

ಹಾಗಾದರೆ ಯಾರು ಸರಿ? ಇಬ್ಬರೂ. ಒಬ್ಬರು ಅಳೆಯುವುದು ಜಾಗ, ಇನ್ನೊಬ್ಬರು ಅಳೆಯುವುದು ಕೆಲಸ. ಸದಾ ಬದಲಾಗುವ ಖಾತೆಗಳನ್ನು ಮಿರರಿಂಗ್‌ನಲ್ಲೂ, ಓದಲಷ್ಟೇ ಬೇಕಾದ ಹಳೆಯ ದಾಖಲೆಗಳನ್ನು ಪ್ಯಾರಿಟಿಯಲ್ಲೂ ಇಟ್ಟರೆ ಅರ್ಧ ಜಗಳ ಮುಗಿದಂತೆ. ತಿರುಗುವ ಭಾಗಗಳೇ ಇಲ್ಲದ ಇಂದಿನ ಎಸ್‌ಎಸ್‌ಡಿಗಳು ಬಹಳ ವೇಗದವು. ಆದರೆ ಪ್ಯಾರಿಟಿಯ ಆ ನಾಲ್ಕು ಕೆಲಸ ಅವಕ್ಕೂ ತಪ್ಪಿದ್ದಲ್ಲ.

ಪೋಷಕರೇ, ನಿಮ್ಮ ಮಕ್ಕಳು ಡೇಟಾಬೇಸ್ ಕೋರ್ಸಿಗೆ ಸೇರುವುದಾದರೆ, ಅಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಡಿಸ್ಕುಗಳ ಪಾಠವೂ ಇದೆಯೇ ಎಂದು ವಿಚಾರಿಸಿ. ಎರಡೂ ಲೆಕ್ಕ ಬಲ್ಲವರ ಮಾತಿಗೆ ಈ ಜಗಳದಲ್ಲಿ ಬೆಲೆ ಹೆಚ್ಚು.